ದುಡ್ಡು ಹೋಯಿತು, ಬಾಕಿ ಹೋಗಲಿಲ್ಲ

ತುಮಕೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಬೆಂಗಳೂರಿನಲ್ಲಿ ಕೂತೇ ಊರಿನ ಮನೆ ಕಂದಾಯವನ್ನು ಫೋನಿನಲ್ಲಿ ಕಟ್ಟಿದೆ. ತಿಂಗಳಾದ ಮೇಲೆ ಬಿಲ್ ಕಲೆಕ್ಟರ್ ಬಂದು ಅಮ್ಮನ ಹತ್ತಿರ ಬಾಕಿ ಕೇಳಿದರಂತೆ. ಈ ದುಡ್ಡು ನಮ್ಮೂರಿಗೆ ಬರುತ್ತದೆಯೋ, ವಿಧಾನಸೌಧಕ್ಕೆ ಹೋಗುತ್ತದೆಯೋ?"

ಸಂಪಾದಕರ ಉತ್ತರ: ಎರಡನೇ ಪ್ರಶ್ನೆ ಸುಲಭ, ಅದನ್ನೇ ಮೊದಲು ಮುಗಿಸೋಣ. ಮನೆ ಕಂದಾಯ ನಿಮ್ಮ ಗ್ರಾಮ ಪಂಚಾಯ್ತಿಯದ್ದೇ. ಮನೆ, ಅಂಗಡಿ, ಖಾಲಿ ನಿವೇಶನಕ್ಕೆ ತೆರಿಗೆ ಹಾಕುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಅದಕ್ಕೆ ಕೊಟ್ಟಿದೆ. ಹೊಲ ಗದ್ದೆಯ ಕಂದಾಯ ಬೇರೆ, ಅದು ಕಂದಾಯ ಇಲಾಖೆಗೆ. ಬಿಲ್ಲಿನಲ್ಲಿ ಜೊತೆಗೆ ಸೆಸ್‌ಗಳೂ, ಅಂದರೆ ತೆರಿಗೆಯ ಮೇಲೆ ಹಾಕುವ ಉಪಕರಗಳೂ ಇರುತ್ತವೆ: ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಕರ ಶೇ 3, ಹೀಗೆ. ಅವು ಮಾತ್ರ ಊರಿಗೆ ಉಳಿಯುವ ದುಡ್ಡಲ್ಲ.

ಸರ್ಕಾರದ ಅನುದಾನ ಇದೆಯಲ್ಲ, ನಮ್ಮ ಇನ್ನೂರು ಮುನ್ನೂರು ರೂಪಾಯಿ ಯಾಕೆ ಅಂತ ಕೇಳುವವರು ಜಾಸ್ತಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಖರ್ಚು ಮಾಡಬೇಕಿತ್ತು. ಉಳಿದದ್ದರಲ್ಲಿ ಸಂಬಳ ಕೊಡುವಂತಿರಲಿಲ್ಲ. ಊರವರು ತಮಗೆ ಬೇಕಾದ್ದಕ್ಕೆ ಧೈರ್ಯವಾಗಿ ಬಳಸುವ ದುಡ್ಡೆಂದರೆ ತಾವೇ ಕಟ್ಟಿದ ಕಂದಾಯ.

ಇನ್ನು ನಿಮ್ಮ ಬಾಕಿ. ನನಗೆ ಫೋನಿಗಿಂತ ಮನೆಯ ಆಸ್ತಿ ಖಾತೆಯ ಮೇಲೇ ಅನುಮಾನ. ತಾತನ ಹೆಸರಲ್ಲಿ ಒಂದು, ಅಣ್ಣತಮ್ಮಂದಿರು ಪಾಲಾದ ಮೇಲೆ ಇನ್ನೊಂದು ಅಂತ ಒಂದೇ ಮನೆಗೆ ಎರಡು ಆಸ್ತಿ ಸಂಖ್ಯೆ ಇರುವುದುಂಟು. ನೀವು ಒಂದಕ್ಕೆ ಕಟ್ಟಿರುತ್ತೀರಿ, ಬಾಕಿ ಇನ್ನೊಂದರಲ್ಲಿ ಬೆಳೆಯುತ್ತಿರುತ್ತದೆ. ಮೊದಲು ಇದು ದಪ್ಪ ಪುಸ್ತಕದೊಳಗೆ ಮುಚ್ಚಿಹೋಗುತ್ತಿತ್ತು. ಬಿಲ್ ಕಲೆಕ್ಟರ್‌ಗೆ ಮನೆ ಗೊತ್ತು, ಜನ ಗೊತ್ತು, ಹೇಗೋ ಸರಿಮಾಡುತ್ತಿದ್ದರು. ಕಂಪ್ಯೂಟರಿಗೆ ನಂಬರು ಮಾತ್ರ ಗೊತ್ತು. ಪಂಚಾಯ್ತಿಯ ಆಸ್ತಿ ದಾಖಲೆಗಳಿರುವ ಕಂಪ್ಯೂಟರ್ ವ್ಯವಸ್ಥೆಗೆ ಇ-ಸ್ವತ್ತು ಅಂತ ಹೆಸರು. ಅದರ ನಮೂನೆ 9 ಆಸ್ತಿಯ ವಿವರ, ನಮೂನೆ 11 ಬೇಡಿಕೆ, ವಸೂಲಿ, ಬಾಕಿಯ ಲೆಕ್ಕ. ಎರಡನ್ನೂ ತೆಗೆಸಿ, ಆಸ್ತಿ ಸಂಖ್ಯೆಯನ್ನು ನಿಮ್ಮ ರಸೀದಿಯ ಜೊತೆ ಹೋಲಿಸಿ ನೋಡಿ. ಬೇರೆಯಾಗಿದ್ದರೆ ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದೇ ಆಗಿದ್ದರೆ ದುಡ್ಡು ಯಾರ ಬ್ಯಾಂಕ್ ಖಾತೆಗೆ ಹೋಗಿದೆ ಅಂತ ನೋಡಿ. ಪಂಚಾಯ್ತಿ ಖಾತೆಗೋ, ಯಾರದೋ ಸ್ವಂತ ಫೋನ್ ನಂಬರಿಗೋ?

ನನ್ನನ್ನು ಕೇಳಿದರೆ, ನಿಮ್ಮ ಅಮ್ಮನಂಥವರಿಗೆ ಆ್ಯಪ್‌ಗಿಂತ ಬಿಲ್ ಕಲೆಕ್ಟರ್ ಕೈಯಲ್ಲಿರುವ ಪಿಒಎಸ್ ಯಂತ್ರವೇ ವಾಸಿ. ನಗದು ಕೊಟ್ಟರೂ ನಿಂತ ಜಾಗದಲ್ಲೇ ರಸೀದಿ ಬರುತ್ತದೆ. ಕಾರ್ಬನ್ ಹಾಳೆಯ ಕಾಲದಲ್ಲಿ ವಸೂಲಾದ ದುಡ್ಡು ಬ್ಯಾಂಕಿಗೆ ಯಾವತ್ತು ಹೋಯಿತು ಅಂತ ಕೇಳುವವರೇ ಇರಲಿಲ್ಲ, ಅಲ್ವಾ? ಆದರೆ ಯಂತ್ರ ಮನೆ ಅಳೆಯುವುದಿಲ್ಲ. ಮೇಲೊಂದು ಮಹಡಿ ಎದ್ದರೂ ಕಂದಾಯ ಹಂಚಿನ ಮನೆಯದ್ದೇ ಇರುತ್ತದೆ. ಅಳೆಯಬೇಕಾದವರು ಆ ಮನೆಯವರಿಗೆ ನೆಂಟರೋ ಪಕ್ಕದ ಮನೆಯವರೋ ಆಗಿರುತ್ತಾರೆ, ಏನು ಮಾಡೋಣ!

ಸದ್ಯಕ್ಕೆ ಅಮ್ಮ ಎರಡನೇ ಸಲ ಕಟ್ಟುವುದು ಬೇಡ. ಫೋನಿನಲ್ಲಿರುವ ರಸೀದಿಯನ್ನು ಪ್ರಿಂಟ್ ತೆಗೆಸಿ ಕಳಿಸಿ. ಕರೆಂಟ್ ಬಿಲ್ ಸಿಕ್ಕಿಸುವ ಮೊಳೆಗೇ ಅದನ್ನೂ ಸಿಕ್ಕಿಸಿಡಲಿ.