ನೋಡಿದ ಚಿತ್ರ, ಹೇಳುವ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳೆಲ್ಲ ಇತ್ತೀಚೆಗೆ ನೋಡಿದ ಚಿತ್ರಗಳ ಬಗ್ಗೆ. ಹೊಗಳಿಕೆ ಕಡಿಮೆ, ದೂರು ಜಾಸ್ತಿ. ಚಿತ್ರಗಳ ಹೆಸರನ್ನು ಬೇಕೆಂದೇ ತೆಗೆದಿದ್ದೇವೆ, ಏಕೆಂದರೆ ಕೆಲವು ದೂರು ಚಿತ್ರಕ್ಕೆ ಸೇರಿದ್ದೇ ಅಲ್ಲ. ಟಿವಿಗೋ ಸ್ಪೀಕರಿಗೋ ಸೇರಬೇಕಾದ ಬೈಗುಳ ನಿರ್ದೇಶಕರ ತಲೆಗೆ ಬಿದ್ದಿದೆ.

ಪ್ರಶ್ನೆ: ಹೊಸ 4ಕೆ ಟಿವಿಯಲ್ಲಿ ದೊಡ್ಡ ಬಜೆಟ್ಟಿನ ಐತಿಹಾಸಿಕ ಚಿತ್ರ ನೋಡಿದೆವು. ಯುದ್ಧ, ಅರಮನೆ ಎಲ್ಲವೂ ಧಾರಾವಾಹಿ ಥರ ಕಾಣಿಸಿತು. ಕ್ಯಾಮೆರಾ ಕೆಲಸ ಅಷ್ಟು ಕಳಪೆಯೇ?

ಛಾಯಾಗ್ರಾಹಕರನ್ನು ಬೈಯುವ ಮೊದಲು ರಿಮೋಟ್ ಹಿಡಿಯಿರಿ. ಸಿನಿಮಾ ಚಿತ್ರೀಕರಣ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದೊಂದು ಫ್ರೇಮಿನ ಮೇಲೂ ಸುಮಾರು ಸೆಕೆಂಡಿನ 48ನೇ ಒಂದು ಭಾಗದಷ್ಟು ಹೊತ್ತು ಬೆಳಕು ಬೀಳುತ್ತದೆ. ಓಡುವ ಕುದುರೆಯ ಕಾಲು ತುಸು ಮಸುಕಾಗುವುದು ಅದರಿಂದ, ನಮ್ಮ ಕಣ್ಣು ‘ಸಿನಿಮಾ’ ಎಂದು ಗುರುತು ಹಿಡಿಯುವುದೂ ಆ ಮಸುಕನ್ನೇ. ಟಿವಿಯಾದರೋ ಸೆಕೆಂಡಿಗೆ 60 ಅಥವಾ 120 ಬಾರಿ ಚಿತ್ರ ಬದಲಿಸುತ್ತದೆ. ನಡುವೆ ಉಳಿಯುವ ಜಾಗಕ್ಕೆ ತಾನೇ ಊಹಿಸಿ ಹೊಸ ಫ್ರೇಮ್ ಹೆಣೆದು ಸೇರಿಸುತ್ತದೆ. ಚಲನೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ವಿಡಿಯೋದಲ್ಲಿ ತೆಗೆದ ಹಳೆಯ ಸ್ಟುಡಿಯೋ ಧಾರಾವಾಹಿಗಳ ಚಲನೆ ಹಾಗೆಯೇ ಇರುತ್ತಿದ್ದರಿಂದ ನಿಮಗೆ ಅದರ ನೆನಪಾಗಿದೆ.

ಈ ಸೌಲಭ್ಯಕ್ಕೆ ಒಂದೊಂದು ಕಂಪನಿಯದು ಒಂದೊಂದು ಹೆಸರು. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಚಿತ್ರದ ಸೆಟ್ಟಿಂಗ್‌ಗೆ ಹೋಗಿ ಅದನ್ನು ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಎಂಬ ಆಯ್ಕೆ ಇದ್ದರೆ ಇನ್ನೂ ಸುಲಭ. 2019ರಲ್ಲಿ ಟಿವಿ ತಯಾರಕರೂ ಚಿತ್ರ ತಯಾರಕರೂ ಒಪ್ಪಿ ತಂದ ವ್ಯವಸ್ಥೆ ಅದು, ಒಂದೇ ಒತ್ತಿಗೆ ಇಂಥ ಕರಾಮತ್ತೆಲ್ಲ ನಿಲ್ಲುತ್ತದೆ.

ಎಡವುವುದು ಎಲ್ಲಿ ಅಂದರೆ, ಬಹಳಷ್ಟು ಟಿವಿಗಳಲ್ಲಿ ಈ ಸೆಟ್ಟಿಂಗ್ ಒಂದೊಂದು ಇನ್‌ಪುಟ್‌ಗೂ ಬೇರೆ ಬೇರೆ. ಟಿವಿಯೊಳಗಿನ ಆ್ಯಪ್‌ನಲ್ಲಿ ಆಫ್ ಮಾಡಿದ್ದೀರಿ, ಎಚ್‌ಡಿಎಂಐಗೆ ಸಿಕ್ಕಿಸಿದ ಸ್ಟಿಕ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಎರಡರಲ್ಲೂ ನೋಡಿ. ಓಎಲ್‌ಇಡಿ ಪರದೆಯಾದರೆ ಪೂರ್ತಿ ಆಫ್ ಮಾಡಿದಾಗ ಕ್ಯಾಮೆರಾ ನಿಧಾನವಾಗಿ ಅಡ್ಡ ತಿರುಗುವ ಶಾಟ್‌ಗಳು ಕುಂಟಿದಂತೆ ಕಾಣಬಹುದು. ಅದರ ಪಿಕ್ಸೆಲ್ ಕ್ಷಣಮಾತ್ರದಲ್ಲಿ ಬದಲಾಗುವುದರಿಂದ ಒಂದು ಫ್ರೇಮಿನಿಂದ ಮುಂದಿನದಕ್ಕೆ ಆಗುವ ನೆಗೆತ ಎದ್ದು ಕಾಣುತ್ತದೆ. ಆಗ ಈ ಕುಂಟನ್ನು ತಗ್ಗಿಸುವ ‘ಜಡ್ಡರ್’ ಎಂಬ ಅಂಕಿಯನ್ನು 10ರಲ್ಲಿ 2 ಅಥವಾ 3ಕ್ಕೆ ಇಟ್ಟರೆ ಸಾಕು.

ಪ್ರಶ್ನೆ: ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಜೂಮ್ ಮಾಡಿ ಪರದೆ ತುಂಬಿಸಿಕೊಂಡರೆ ತಪ್ಪೇನು?

2.39:1 ಅಳತೆಯ (ಅಗಲ ಎತ್ತರದ 2.39 ಪಟ್ಟು) ಚಿತ್ರವನ್ನು ಟಿವಿಯ 16:9 ಪರದೆಯ ಎತ್ತರಕ್ಕೆ ಹಿಗ್ಗಿಸಿದರೆ ಎಡಬಲ ಸೇರಿ ಚಿತ್ರದ ಕಾಲು ಭಾಗ ಆಚೆ ಹೋಗುತ್ತದೆ. ಅಂಚಿನಲ್ಲಿ ನಿಂತವರು ಮಾತಾಡುತ್ತಿದ್ದರೆ ಧ್ವನಿ ಮಾತ್ರ ಉಳಿಯುತ್ತದೆ. ಅಂಥ ಚಿತ್ರದ ‘ಫ್ರೇಮಿಂಗ್ ಸರಿಯಿಲ್ಲ’ ಎಂದು ದಯವಿಟ್ಟು ಬರೆಯಬೇಡಿ.

ಪ್ರಶ್ನೆ: ಮಾತು ಪಿಸುಮಾತಿನಂತೆ, ಹೊಡೆದಾಟ ಬಂದರೆ ಕಿಟಕಿ ನಡುಗುತ್ತದೆ. ಇಡೀ ಚಿತ್ರ ವಾಲ್ಯೂಮ್ ಏರಿಸುತ್ತ ಇಳಿಸುತ್ತ ಕೂತೆ. ಸೌಂಡ್ ಡಿಸೈನ್ ಕೆಟ್ಟದ್ದು ಅನ್ನಬಹುದೇ?

ಅನ್ನಬಹುದು, ಆದರೆ ಒಂದು ಪರೀಕ್ಷೆ ಮಾಡಿದ ಮೇಲೆ. ಮಾತು ಕೇಳಿಸದ ಅದೇ ಎರಡು ನಿಮಿಷವನ್ನು ಸಾಧಾರಣ ಹೆಡ್‌ಫೋನ್ ಹಾಕಿ ಮತ್ತೆ ನೋಡಿ. ಹೆಡ್‌ಫೋನಿನಲ್ಲೂ ಪದ ತಿಳಿಯದಿದ್ದರೆ ತಪ್ಪು ಚಿತ್ರದ್ದು: ನಟರ ಉಚ್ಚಾರಣೆ, ಧ್ವನಿಗ್ರಹಣ, ಇಲ್ಲವೇ ಹಿನ್ನೆಲೆ ಸಂಗೀತವನ್ನು ಮಾತಿನ ಮೇಲೆ ಹೇರಿದ ಮಿಕ್ಸಿಂಗ್. ಸ್ಪಷ್ಟವಾಗಿ ಕೇಳಿಸಿದರೆ ತಪ್ಪು ನಿಮ್ಮ ಕೋಣೆಯದು.

ಚಿತ್ರಮಂದಿರಕ್ಕೆಂದು ಮಿಕ್ಸ್ ಮಾಡುವಾಗ ಒಂದೊಂದು ಮುಖ್ಯ ಸ್ಪೀಕರನ್ನೂ 85 ಡೆಸಿಬೆಲ್ ಮಟ್ಟಕ್ಕೆ ಹೊಂದಿಸಿಟ್ಟಿರುತ್ತಾರೆ. ಸ್ಫೋಟದ ಶಿಖರಕ್ಕೆ ಅದರ ಮೇಲೆ ಇನ್ನೂ 20 ಡೆಸಿಬೆಲ್ ಜಾಗ. ಮನೆಯಲ್ಲಿ ನಾವು ಇಡುವ ವಾಲ್ಯೂಮ್ ಅದಕ್ಕಿಂತ ಬಹಳ ಕೆಳಗೆ. ಎಲ್ಲವನ್ನೂ ಒಂದೇ ಸಮ ಇಳಿಸಿದಾಗ ಮೊದಲು ಮುಳುಗುವುದು ಮೆಲ್ಲನೆಯ ಮಾತು. ಇನ್ನೊಂದು ಕಾರಣ: 5.1 ಧ್ವನಿಯಲ್ಲಿ (ಐದು ಚಾನೆಲ್, ಜೊತೆಗೆ ಗಡಸು ಸದ್ದಿಗೆ ಒಂದು) ಮಾತು ಬಹುಪಾಲು ನಡುವಿನ ಚಾನೆಲ್‌ನಲ್ಲಿರುತ್ತದೆ. ಟಿವಿಯ ಎರಡೇ ಸ್ಪೀಕರಿಗೆ ಇಳಿಸುವಾಗ ಅದನ್ನು 3 ಡೆಸಿಬೆಲ್ ತಗ್ಗಿಸಿ ಎಡಕ್ಕೂ ಬಲಕ್ಕೂ ಹಂಚುವುದು ರೂಢಿ, ಅಲ್ಲಿ ಆಗಲೇ ಸಂಗೀತ, ಗದ್ದಲ ಎಲ್ಲ ತುಂಬಿಕೊಂಡಿರುತ್ತವೆ. ಅದರ ಮೇಲೆ ತೆಳು ಟಿವಿಯ ಸ್ಪೀಕರ್ ಕೆಳಮುಖವಾಗಿಯೋ ಗೋಡೆಯ ಕಡೆಗೋ ತಿರುಗಿರುತ್ತದೆ.

ಇನ್ನು ಮಾಡಬೇಕಾದ್ದು. ಟಿವಿ ಸ್ಪೀಕರಿನಲ್ಲೇ ಕೇಳುವವರು ಆ್ಯಪ್‌ನ ಆಡಿಯೋ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೋ ಆರಿಸಿ. ಟಿವಿಯ ವರ್ಚುವಲ್ ಸರೌಂಡ್ ಆಫ್ ಮಾಡಿಬಿಡಿ, ಅದು ನಡುವಿನ ಮಾತನ್ನು ಇನ್ನಷ್ಟು ಚದುರಿಸುತ್ತದೆ. ರಾತ್ರಿ ಹೊತ್ತು ನೈಟ್ ಮೋಡ್ ಹಾಕಿ, ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣದನ್ನು ಎತ್ತುತ್ತದೆ. ರಿಸೀವರ್ (ಸದ್ದನ್ನು ಬೇರೆ ಬೇರೆ ಸ್ಪೀಕರಿಗೆ ಹಂಚುವ ಪೆಟ್ಟಿಗೆ) ಇರುವವರು ಸೆಂಟರ್ ಚಾನೆಲನ್ನು 2–3 ಡೆಸಿಬೆಲ್ ಏರಿಸಿ. 5–6 ಏರಿಸಿದರೆ ಮಾತೆಲ್ಲ ಬಾವಿಯ ದಂಡೆಯಿಂದ ಕೂಗಿದ ಹಾಗೆ ಉಳಿದ ಸದ್ದಿನಿಂದ ಕಿತ್ತುಕೊಂಡು ನಿಲ್ಲುತ್ತದೆ. ಸಂಗೀತ ಜೋರಾಗಿದ್ದು ಮಾತು ಹೆಚ್ಚುಕಡಿಮೆ ಮಾಯವೇ ಆಗಿದ್ದರೆ, ಇಲ್ಲದ ಸೆಂಟರ್ ಸ್ಪೀಕರನ್ನು ರಿಸೀವರ್ ‘ಇದೆ’ ಎಂದುಕೊಂಡಿದೆಯೇ ನೋಡಿ. ಸ್ಪೀಕರ್ ಸೆಟ್ಟಿಂಗ್‌ನಲ್ಲಿ ಸೆಂಟರ್ ‘ಇಲ್ಲ’ ಎಂದು ಗುರುತಿಸಿದರೆ ಮಾತು ಮರಳುತ್ತದೆ.

ಪ್ರಶ್ನೆ: ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಲ್ಯಾಗ್’ ಅಂತ ಬರೆದರೆ ‘ಎಲ್ಲಿ ಲ್ಯಾಗ್, ಯಾಕೆ ಲ್ಯಾಗ್’ ಅಂತ ಗೆಳೆಯರು ಹಿಡಿದುಕೊಳ್ಳುತ್ತಾರೆ. ಅನಿಸಿದ್ದು ನಿಜ, ವಿವರಿಸಲು ಬರುವುದಿಲ್ಲ.

ಗೆಳೆಯರು ಸರಿಯಾಗಿಯೇ ಹಿಡಿದಿದ್ದಾರೆ. ಬೇಸರ ಆರಂಭವಾದ ಕಡೆಯಿಂದ 20 ನಿಮಿಷ ತೆಗೆದುಕೊಳ್ಳಿ. ಹಾಳೆಯನ್ನು ನಡುವೆ ಮಡಚಿ. ಎಡಕ್ಕೆ ದೃಶ್ಯದಲ್ಲಿ ನಡೆದದ್ದು ಒಂದೇ ಸಾಲಿನಲ್ಲಿ, ಬಲಕ್ಕೆ ಆ ದೃಶ್ಯ ಮುಗಿದಾಗ ಏನು ಬದಲಾಯಿತು ಎಂಬುದು. ದೃಶ್ಯಕ್ಕೆ ಎರಡು ಮೂರು ನಿಮಿಷ ಅಂದರೂ ಎಂಟು ಹತ್ತು ಸಾಲು ಆಗುತ್ತದೆ. ಬಲಗಡೆ ಸತತ ಎರಡು ಮೂರು ಸಾಲು ಖಾಲಿ ಉಳಿದರೆ ಲ್ಯಾಗ್ ಅಲ್ಲೇ ಕೂತಿದೆ. ಯಾಕೆ ಎಂಬುದು ಎಡಗಡೆಯ ಸಾಲುಗಳಿಂದ ಗೊತ್ತಾಗುತ್ತದೆ.

ಹೆಚ್ಚಾಗಿ ಸಿಗುವುದು ಪುನರುಕ್ತಿ. ಕೊಲೆಗಾರ ಯಾರೆಂದು ನಮಗೆ 40ನೇ ನಿಮಿಷಕ್ಕೇ ತೋರಿಸಿಬಿಟ್ಟಿದ್ದಾರೆ. ಆಮೇಲೆ ಅದೇ ಸಂಗತಿ ಇನ್‌ಸ್ಪೆಕ್ಟರಿಗೆ ಒಂದು ದೃಶ್ಯದಲ್ಲಿ, ನಾಯಕನಿಗೆ ಇನ್ನೊಂದರಲ್ಲಿ, ನಾಯಕನ ತಂಗಿಗೆ ಮತ್ತೊಂದರಲ್ಲಿ ಗೊತ್ತಾಗುತ್ತದೆ. ಪಾತ್ರಗಳಿಗೆ ಹೊಸದು, ನಮಗೆ ಹಳಸಲು. ಇದು ಚಿತ್ರಕಥೆಯ ತಪ್ಪು, ‘ಎಡಿಟರ್ ಕತ್ತರಿ ಹಾಕಬೇಕಿತ್ತು’ ಎಂದು ಬರೆಯುವುದು ಅನ್ಯಾಯ. ಆ ಮೂರೂ ದೃಶ್ಯಗಳಲ್ಲಿ ಕ್ಲೈಮ್ಯಾಕ್ಸಿಗೆ ಬೇಕಾದ ಒಂದೊಂದು ಎಳೆ ಸಿಕ್ಕಿಸಿದ್ದರೆ ಎಡಿಟರ್ ಯಾವುದನ್ನೂ ಬಿಡುವಂತಿಲ್ಲ.

ದೃಶ್ಯಕ್ಕೆ ತಲೆ ಬಾಲ ಉದ್ದವಾಗಿರುವುದು ಬೇರೆ ರೋಗ. ಕಾರು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ, ಮೆಟ್ಟಿಲು ಹತ್ತುತ್ತಾರೆ, ಗಂಟೆ ಒತ್ತುತ್ತಾರೆ, ಕ್ಷೇಮ ಸಮಾಚಾರ, ಆಮೇಲೆ ವಿಷಯ. ಮಾತು ಮುಗಿದ ಮೇಲೂ ಮುಖದ ಮೇಲೆ ಐದು ಸೆಕೆಂಡ್. ಇಂಥದ್ದಕ್ಕೆ ಎಡಿಟರನ್ನೂ ನಿರ್ದೇಶಕರನ್ನೂ ಕೇಳಬಹುದು. ಮೂರನೆಯದು, ಮೊದಲರ್ಧ ನಮ್ಮೊಳಗೆ ಸಿಕ್ಕಿಸಿದ ಪ್ರಶ್ನೆಯ ಕೊಕ್ಕೆ ಬೇಗ ಕಳಚಿಬೀಳುವುದು. ಉತ್ತರ ಊಹಿಸಿ ಆಗಿರುತ್ತದೆ, ಆಮೇಲೆ 25 ನಿಮಿಷದ ಫ್ಲ್ಯಾಶ್‌ಬ್ಯಾಕ್ ಅದೇ ಉತ್ತರವನ್ನು ವಿವರವಾಗಿ ಕೊಡುತ್ತದೆ.

ವೇಗದ ಚಿತ್ರವೂ ಲ್ಯಾಗ್ ಆಗುತ್ತದೆ, ಇದನ್ನು ಜನ ಒಪ್ಪುವುದು ಕಷ್ಟ. ಸೆಕೆಂಡಿಗೊಂದು ಶಾಟ್ ಬೀಳುವ ಆರು ನಿಮಿಷದ ಹೊಡೆದಾಟದಲ್ಲಿ ಯಾರು ಮೇಲುಗೈ, ಯಾರು ಎಲ್ಲಿ ಎಂಬುದೇ ತಿಳಿಯದಿದ್ದರೆ ಹಾಳೆಯ ಬಲಗಡೆ ಖಾಲಿಯೇ. ಇಬ್ಬರ ನಡುವೆ ಎಳೆದ ಕಾಲ್ಪನಿಕ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಇರಬೇಕೆಂಬ 180 ಡಿಗ್ರಿ ನಿಯಮ ಇರುವುದು ಇಂಥ ಗೊಂದಲ ತಪ್ಪಿಸುವುದಕ್ಕೆ. ಗೆರೆ ದಾಟಿದರೆ ಎಡಕ್ಕಿದ್ದವ ಮುಂದಿನ ಶಾಟಿನಲ್ಲಿ ಬಲಕ್ಕೆ ಬರುತ್ತಾನೆ. ಇದಕ್ಕೆ ತದ್ವಿರುದ್ಧವಾಗಿ, ಮೂರು ನಿಮಿಷ ಕದಲದ ಒಂದೇ ಶಾಟಿನಲ್ಲಿ ಬಲಗಡೆಯ ಸಾಲು ತುಂಬಿಹೋಗಬಹುದು. ನಿಧಾನವೇ ಬೇರೆ, ಲ್ಯಾಗೇ ಬೇರೆ.

ಹಾಂ, ಚಿತ್ರವನ್ನು ಮೂರು ರಾತ್ರಿ ಕಂತಿನಲ್ಲಿ ನೋಡಿದ್ದರೆ ಗತಿಯ ಬಗ್ಗೆ ಬಾಯಿ ಬಿಡದಿರುವುದು ಒಳ್ಳೆಯದು.

ಪ್ರಶ್ನೆ: ನಟನೆ ಚೆನ್ನಾಗಿದೆ ಎನ್ನುವುದಕ್ಕೆ ಏನನ್ನು ನೋಡಬೇಕು?

ನಟರು ಕೇಳಿಸಿಕೊಳ್ಳುವಾಗ ನೋಡಿ. ಸಂಭಾಷಣೆ ಹೇಳುವಾಗ ಬರಹಗಾರರ ಬಲ ಇರುತ್ತದೆ, ಎದುರಿನವರ ಮಾತು ಕೇಳಿಸಿಕೊಳ್ಳುವಾಗ ಆ ಆಸರೆ ಇಲ್ಲ. ತನ್ನ ಸರದಿಗಾಗಿ ಕಾಯುತ್ತಿರುವ ನಟ ಅಲ್ಲಿ ಸಿಕ್ಕಿಬೀಳುತ್ತಾನೆ. ಎರಡನೆಯದು, ಕಟ್ ಇಲ್ಲದ ಒಂದೇ ಶಾಟಿನಲ್ಲಿ ಭಾವ ಒಂದರಿಂದ ಇನ್ನೊಂದಕ್ಕೆ ಹೊರಳುತ್ತದೆಯೇ ಎಂದು ಗಮನಿಸಿ. ಕಟ್ ಆದ ಮೇಲೆ ಬದಲಾದ ಮುಖ ನಟನೆಯದೋ ಸಂಕಲನದ್ದೋ ಹೇಳಲಾಗದು. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆ ತೋರಿಸಿದ್ದೂ ಇದನ್ನೇ. ಮೊಝುಖಿನ್ ಎಂಬ ನಟನ ಒಂದೇ ನಿರ್ವಿಕಾರ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಹೆಣ್ಣು ಜೋಡಿಸಿದಾಗ, ನೋಡಿದವರು ಆ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡರೆಂಬುದು ಪ್ರಸಿದ್ಧ.

ಡಬ್ ಆದ ಚಿತ್ರವಾದರೆ ಇನ್ನೊಂದು ಎಚ್ಚರ. ಪ, ಬ, ಮ ಉಚ್ಚರಿಸುವಾಗ ತುಟಿ ಮುಚ್ಚಲೇಬೇಕು, ಒಳ್ಳೆಯ ಡಬ್ಬಿಂಗ್ ಬರಹಗಾರರು ಪವರ್ಗದ ಅಕ್ಷರಗಳನ್ನು ಹುಡುಕಿ ಹುಡುಕಿ ತುಟಿ ಮುಚ್ಚಿದ ಕಡೆ ಕೂರಿಸುತ್ತಾರೆ. ಅದು ತಪ್ಪಿದ ಕಡೆ ನಟನೆ ಕೃತಕ ಅನಿಸುತ್ತದೆ. ಬಯಲಿನಲ್ಲಿ ನಿಂತವರ ಧ್ವನಿ ಬೀರುವಿನೊಳಗಿಂದ ಬಂದಂತೆ ಕೇಳಿಸಿದರೂ ಹಾಗೆಯೇ. ಮುಖ ಒಬ್ಬರದು, ಕಂಠ ಇನ್ನೊಬ್ಬರದು ಆಗಿದ್ದರೆ ಹೊಗಳಿಕೆಯನ್ನೂ ಪಾಲು ಮಾಡಿ.

ಪ್ರಶ್ನೆ: ಸಬ್‌ಟೈಟಲ್ ಮೊದಲು ಸರಿಯಿತ್ತು, ಹೋಗ್ತಾ ಹೋಗ್ತಾ ಮಾತಿಗಿಂತ ಹಿಂದೆ ಬಿತ್ತು.

ಐದನೇ ನಿಮಿಷದಲ್ಲಿ ಎಷ್ಟು ವ್ಯತ್ಯಾಸ, ಅರವತ್ತನೇ ನಿಮಿಷದಲ್ಲಿ ಎಷ್ಟು, ಬರೆದುಕೊಳ್ಳಿ. ಎರಡೂ ಕಡೆ ಒಂದೇ ಆಗಿದ್ದರೆ ಬರೀ ವಿಳಂಬ. ವಿಎಲ್‌ಸಿ ಪ್ಲೇಯರಿನಲ್ಲಿ ಜಿ ಮತ್ತು ಎಚ್ ಕೀಲಿ ಒತ್ತಿದರೆ ಒಂದೊಂದು ಸಲಕ್ಕೆ 50 ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಯುತ್ತದೆ. ಒಂದು ಜಾಗದಲ್ಲಿ ದಿಢೀರನೆ ತಪ್ಪಿದ್ದರೆ ಸಬ್‌ಟೈಟಲ್ ಕಡತ ಬೇರೆ ಆವೃತ್ತಿಯದು, ನಿಮ್ಮ ಪ್ರತಿಯಲ್ಲಿ ದೃಶ್ಯ ಕತ್ತರಿಸಿದೆ ಅಥವಾ ಸೇರಿದೆ. ನಿಮ್ಮದು ಬೆಳೆಯುತ್ತ ಹೋಗುವ ವ್ಯತ್ಯಾಸ, ಫ್ರೇಮ್ ಲೆಕ್ಕದ ತಪ್ಪು. ಸೆಕೆಂಡಿಗೆ 25 ಫ್ರೇಮಿನ ಪ್ರತಿಗೆ 23.976ರ ಸಬ್‌ಟೈಟಲ್ ಹಾಕಿದರೆ ಒಂದು ಗಂಟೆಯ ಹೊತ್ತಿಗೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತದೆ. ವಿಳಂಬ ಸರಿಪಡಿಸುತ್ತ ಕೂತರೆ ಮುಗಿಯುವುದಿಲ್ಲ. ಸಬ್‌ಟೈಟಲ್ ತಿದ್ದುವ ತಂತ್ರಾಂಶದಲ್ಲಿ ಫ್ರೇಮ್ ದರವನ್ನೇ ಬದಲಿಸಿ.

ಸಬ್‌ಟೈಟಲ್ ಓದಿ ‘ಸಂಭಾಷಣೆ ಸಪ್ಪೆ’ ಎನ್ನುವ ಮೊದಲು ಇದು ನೆನಪಿರಲಿ: ಇಂಗ್ಲಿಷಿನಲ್ಲಾದರೆ ಸಾಲಿಗೆ ಸುಮಾರು 42 ಅಕ್ಷರ, ಒಮ್ಮೆಗೆ ಎರಡೇ ಸಾಲು. ಓದುವ ವೇಗಕ್ಕೆ ಹೊಂದಿಸಲು ಅನುವಾದಕರು ಬೈಗುಳದ ಕಾರ, ಗಾದೆಯ ಸೊಗಸು ಎರಡನ್ನೂ ಬಿಟ್ಟು ತಿರುಳನ್ನಷ್ಟೇ ಉಳಿಸಿರುತ್ತಾರೆ.

ಪ್ರಶ್ನೆ: ರಾತ್ರಿಯ ದೃಶ್ಯಗಳಲ್ಲಿ ಏನೂ ಕಾಣಲಿಲ್ಲ. ಕತ್ತಲಲ್ಲಿ ಉಂಗುರ ಉಂಗುರವಾಗಿ ಪಟ್ಟೆ ಬೇರೆ.

ಪಟ್ಟೆಗೆ ಕಾರಣ ಮಾಹಿತಿಯ ಕೊರತೆ. 8 ಬಿಟ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, ಕತ್ತಲ ದೃಶ್ಯ ಅದರಲ್ಲಿ ಕೆಳಗಿನ ಕೆಲವನ್ನಷ್ಟೇ ಬಳಸುತ್ತದೆ. 10 ಬಿಟ್ ಆದರೆ 1024. ನೆಟ್ ನಿಧಾನವಾದಾಗ ಆ್ಯಪ್ ಮೊದಲು ಬಲಿ ಕೊಡುವುದೂ ಈ ನೆರಳಿನ ವಿವರವನ್ನೇ. 1080ಪಿಗೆ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15 ಆದರೂ ಸ್ಥಿರವಾಗಿ ಬರುತ್ತಿದೆಯೇ ನೋಡಿ. ಕಪ್ಪು ಬೂದಿಯಂತೆ ಕಾಣುತ್ತಿದ್ದರೆ, ಅಥವಾ ಕಪ್ಪು ಕೂದಲೂ ಕಪ್ಪು ಕೋಟೂ ಒಂದೇ ಮುದ್ದೆಯಾಗಿದ್ದರೆ, ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ಹೊಂದಿಕೆಯಾಗಿಲ್ಲ. ಕಪ್ಪಿನಿಂದ ಬಿಳಿಯವರೆಗಿನ ಅಂಕಿಯನ್ನು ಒಂದು ಸಾಧನ 16–235 (ಲಿಮಿಟೆಡ್), ಇನ್ನೊಂದು 0–255 (ಫುಲ್) ಎಂದುಕೊಂಡಿದೆ. ಎರಡನ್ನೂ ‘ಲಿಮಿಟೆಡ್’ಗೆ ಹಾಕಿ. ಕೋಣೆಯ ದೀಪ ಆರಿಸಿ, ಪರದೆಯ ಹಿಂದೆ ಮಂದ ಬೆಳಕು ಸಾಕು. ಇಷ್ಟಾದ ಮೇಲೂ ಕಾಣದಿದ್ದರೆ ಛಾಯಾಗ್ರಹಣದ ಬಗ್ಗೆ ಧಾರಾಳವಾಗಿ ಬರೆಯಿರಿ.

ಪ್ರಶ್ನೆ: ಐದಕ್ಕೆ ಎಷ್ಟು ನಕ್ಷತ್ರ ಎಂದು ಹೇಗೆ ನಿರ್ಧರಿಸುವುದು?

ನಕ್ಷತ್ರ ಕೊಡದಿದ್ದರೂ ನಡೆಯುತ್ತದೆ. ಕೊಡಲೇಬೇಕೆಂದರೆ ಮಾರನೇ ದಿನ ಕೊಡಿ, ಕ್ಲೈಮ್ಯಾಕ್ಸಿನ ಅಮಲು ಇಳಿದಿರುತ್ತದೆ. ಆದರೆ ಟಿಪ್ಪಣಿ ಮಾತ್ರ ಅಂದೇ ರಾತ್ರಿ ಬರೆದಿಡಿ: ನೆನಪಿನಲ್ಲಿ ಉಳಿದ ಮೂರು ದೃಶ್ಯ, ಮನಸ್ಸು ಆಚೆ ಹೋದ ಒಂದು ಜಾಗ. ಅಷ್ಟಿದ್ದರೆ 200 ಪದದ ಅಭಿಪ್ರಾಯ ತಾನಾಗಿ ಬರುತ್ತದೆ.

ಪ್ರಶ್ನೆ: ಸ್ಪಾಯ್ಲರ್ ಎಲ್ಲಿಂದ ಶುರು?

ಟ್ರೇಲರಿನಲ್ಲಿ ಇರುವುದನ್ನೂ ಮೊದಲ 20–25 ನಿಮಿಷದಲ್ಲಿ ನಡೆಯುವುದನ್ನೂ ಹೇಳಬಹುದು. ‘ಕೊನೆಯಲ್ಲಿ ದೊಡ್ಡ ತಿರುವು ಇದೆ’ ಎನ್ನುವುದೂ ಸ್ಪಾಯ್ಲರೇ, ಓದಿದವರು ಇಡೀ ಚಿತ್ರ ತಿರುವು ಹುಡುಕುತ್ತ ಕೂರುತ್ತಾರೆ.

ಪ್ರಶ್ನೆ: 1.5 ವೇಗದಲ್ಲಿ ಓಡಿಸಿ ನೋಡಿದ ಚಿತ್ರಕ್ಕೆ ವಿಮರ್ಶೆ ಬರೆಯಬಹುದೇ?

ಕಥೆಯ ಬಗ್ಗೆ ಬರೆಯಬಹುದು. ನಟರು ಉತ್ತರಿಸುವ ಮುನ್ನ ತೆಗೆದುಕೊಂಡ ನಾಲ್ಕು ಸೆಕೆಂಡಿನ ಮೌನ ನಿಮಗೆ ಎರಡೂವರೆ ಸೆಕೆಂಡ್‌ಗಿಂತ ತುಸು ಹೆಚ್ಚಷ್ಟೇ ಸಿಕ್ಕಿದೆ. ಹಾಗಾಗಿ ನಟನೆ, ಸಂಗೀತ, ಸಂಕಲನ ಮೂರನ್ನೂ ಬಿಟ್ಟು ಬರೆಯಿರಿ, ಯಾವ ವೇಗದಲ್ಲಿ ನೋಡಿದಿರಿ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ.