ಸಿಎಸ್ಸೋ, ಎಐಯೋ, ಬಿಸಿಎನೋ?

ಪ್ರಶ್ನೆ: ಅಕ್ಕಾ, ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಸಿಇಟಿ ರ‍್ಯಾಂಕ್ ಅಂಥಾ ಚೆನ್ನಾಗೇನೂ ಇಲ್ಲ, ತೀರಾ ಕೆಟ್ಟದ್ದೂ ಅಲ್ಲ. ಕಂಪ್ಯೂಟರ್ ಕಡೆ ಹೋಗೋದು ಖಾತ್ರಿ, ಅದರೊಳಗೆ ಯಾವುದು ಅನ್ನೋದೇ ತಿಳಿಯುತ್ತಿಲ್ಲ. ಕಾಕಾನ ಮಗ ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮಷಿನ್ ಲರ್ನಿಂಗ್) ತಗೋ ಅಂತಾನೆ. ಟ್ಯೂಷನ್ ಸರ್ ಸೈಬರ್ ಸೆಕ್ಯುರಿಟಿ ಅಂತಾರೆ. ಅಪ್ಪ ಹಾವೇರಿಯಲ್ಲೇ ಬಿಸಿಎ ಮಾಡು ಅಂತಾರೆ. ನಮ್ಮದು ಎಪಿಎಂಸಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಹತ್ತನೇ ತನಕ ಕನ್ನಡ ಮೀಡಿಯಂ ಓದಿದವಳು. ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಸಾಲಾಗಿ ಹಾಕೋ ಆಪ್ಶನ್ ಎಂಟ್ರಿ ಹತ್ತಿರ ಬಂತು, ಏನು ಮಾಡಲಿ?
– ಓದುಗಿ, ಬ್ಯಾಡಗಿ

ಉತ್ತರ: ತಂಗೀ, ಗೊತ್ತಾಗದೇ ಇರೋದರಲ್ಲಿ ತಪ್ಪೇನಿಲ್ಲ. ಒಂದೂ ಪ್ರೋಗ್ರಾಮ್ ಬರೆಯದೆ "ನಂಗೆ ಸೈಬರ್ ಸೆಕ್ಯುರಿಟಿನೇ ಬೇಕು" ಅನ್ನೋ ಮಕ್ಕಳನ್ನ ಕಂಡರೇ ನನಗೆ ಅನುಮಾನ ಜಾಸ್ತಿ.

ನಿನ್ನ ಜಾಗದಲ್ಲಿದ್ದರೆ ನಾನು ಇಂಜಿನಿಯರಿಂಗ್‌ನಲ್ಲಿ ಸಿಎಸ್ (ಕಂಪ್ಯೂಟರ್ ಸೈನ್ಸ್) ಹಾಕುತ್ತಿದ್ದೆ, ಅದು ಸಿಗದಿದ್ದರೆ ಐಎಸ್ (ಇನ್ಫರ್ಮೇಷನ್ ಸೈನ್ಸ್). ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಒಂದೊಂದು ಸೆಮಿಸ್ಟರ್ ಒಂದೊಂದು ಗುಂಪಿನ ವಿಷಯ ಓದೋದರಲ್ಲಿ ಕಳೆಯುತ್ತೆ. ಎರಡನೇ ವರ್ಷ ಡಾಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ಅಲ್ಗಾರಿದಮ್, ಡಿಬಿಎಂಎಸ್ (ಡಾಟಾಬೇಸ್ ನಿರ್ವಹಣೆ). ಇವು ಸಿಎಸ್‌ನವರಿಗೂ ಇವೆ, ಎಐ-ಎಂಎಲ್‌ನವರಿಗೂ ಇವೆ. ದಾರಿ ಬೇರೆಯಾಗೋದು ಹೆಚ್ಚುಕಡಿಮೆ ಐದನೇ ಸೆಮಿಸ್ಟರ್‌ನಿಂದ, ಆಗ ಸಿಎಸ್‌ನಲ್ಲಿ ಕೂತೇ ಮಷಿನ್ ಲರ್ನಿಂಗ್ ಕಡೆ ಹೊರಳಬಹುದು. ಅಂದರೆ ನಿನ್ನ ಕಾಕಾನ ಮಗ ಈಗಲೇ ಹೇಳು ಅಂತಿರೋದನ್ನ ನೀನು ಎರಡು ವರ್ಷ ಬಿಟ್ಟು ಹೇಳಿದರೂ ನಡೆಯುತ್ತೆ. ನಾನೂ ಹುಬ್ಬಳ್ಳಿಯಲ್ಲಿ ಓದುವಾಗ ಸೀನಿಯರ್ ಒಬ್ಬಳ ಮಾತು ಕೇಳಿ ನೆಟ್‌ವರ್ಕಿಂಗ್, ನೆಟ್‌ವರ್ಕಿಂಗ್ ಅಂತ ಜಪ ಮಾಡ್ತಿದ್ದೆ. ಡಾಟಾಬೇಸ್ ಲ್ಯಾಬ್‌ನಲ್ಲಿ ಮೂರು ಟೇಬಲ್ ಜೋಡಿಸಿ ಒಂದು ಕ್ವೆರಿ (ಡಾಟಾಬೇಸಿಗೆ ಕೇಳೋ ಪ್ರಶ್ನೆ) ಬರೆದು ಸರಿಯಾದ ಉತ್ತರ ಬಂದ ದಿನ ಆ ಜಪ ನಿಂತೇ ಹೋಯಿತು.

ಒಳ್ಳೆ ಕಾಲೇಜಿನಲ್ಲಿ ಎಐ-ಎಂಎಲ್ ಸಿಕ್ಕು, ಸಿಎಸ್ ಮಾತ್ರ ಡಲ್ ಕಾಲೇಜಿನಲ್ಲಿ ಸಿಗೋದಾದರೆ? ಆಗ ಕಾಲೇಜು ನೋಡು. ಕೆಲವು ಕಡೆ ಮೇಷ್ಟ್ರೂ ಅವರೇ, ಲ್ಯಾಬೂ ಅದೇ, ಬೋರ್ಡ್ ಮಾತ್ರ ಹೊಸದು. ಹುಬ್ಬಳ್ಳಿಗೋ ಗದಗಕ್ಕೋ ಹೋದಾಗ ಅಡ್ಮಿಷನ್ ಕೌಂಟರಿನವರು ಕೊಡೋ ಬಣ್ಣದ ಪುಸ್ತಕ ಬ್ಯಾಗಿಗೆ ಹಾಕಿಕೊಂಡು, ಮಧ್ಯಾಹ್ನ ಲ್ಯಾಬ್ ನಡೆಯೋ ಹೊತ್ತಿಗೆ ಬಾಗಿಲಲ್ಲಿ ಇಣುಕಿ ನೋಡು. ಒಬ್ಬರಿಗೊಂದು ಕಂಪ್ಯೂಟರ್ ಇದೆಯಾ, ಇಲ್ಲಾ ಒಬ್ಬ ಟೈಪ್ ಮಾಡಿ ಮೂವರು ಹಿಂದೆ ನಿಂತಿದ್ದಾರಾ? ಕ್ಯಾಂಟೀನಿನಲ್ಲಿ ಮೂರನೇ ವರ್ಷದವರನ್ನು ಕೇಳು, ಮುಚ್ಚಿಡೋದಿಲ್ಲ. ಧಾರವಾಡದ ಐಐಐಟಿ, ಐಐಟಿ ಕೇಳುತ್ತೀಯೇನೋ. ಅಲ್ಲಿಗೆ ಸಿಇಟಿ ನಡೆಯಲ್ಲ, ಜೆಇಇ ಬೇಕು.

ಇನ್ನು ನಿನಗೆ ಯಾವುದು ಒಗ್ಗುತ್ತೆ ಅಂತ ನೋಡೋಕೆ ಕಾಲೇಜು ಶುರುವಾಗೋ ತನಕ ಕಾಯಬೇಕಿಲ್ಲ, ಸಾಮಾನು ಅಂಗಡಿಯಲ್ಲೇ ಇದೆ. ಸೀಸನ್ನಿನ ಚೀಟಿಗಳಿರುತ್ತಲ್ಲ, ಲಾಟ್ ನಂಬರ್, ರೈತರ ಹೆಸರು, ಮೆಣಸಿನಕಾಯಿ ಡಬ್ಬಿ ತಳಿಯೋ ಕಡ್ಡಿ ತಳಿಯೋ, ಎಷ್ಟು ಚೀಲ, ತೂಕ, ಕ್ವಿಂಟಲಿಗೆ ಬಿದ್ದ ದರ, ಅಂಥ ನೂರು ಚೀಟಿ ಎಕ್ಸೆಲ್‌ಗೆ ಹಾಕು. ಒಂದರಲ್ಲಿ ಬಸವರಾಜ ಅಂತಿರುತ್ತೆ, ಇನ್ನೊಂದರಲ್ಲಿ ಬಸಪ್ಪ, ಮನುಷ್ಯ ಒಬ್ಬನೇ! ತೂಕ ಒಂದರಲ್ಲಿ ಕಿಲೋ, ಒಂದರಲ್ಲಿ ಕ್ವಿಂಟಲ್. ಇದನ್ನೆಲ್ಲ ತಿದ್ದಿ, ಡಬ್ಬಿ ದರ ಯಾವ ವಾರ ಏರಿತು, ಯಾಕೆ ಇಳಿಯಿತು ಅಂತ ಹುಡುಕುತ್ತಾ ಕೂತು ಊಟಕ್ಕೆ ಕರೆದದ್ದೂ ಕೇಳದಿದ್ದರೆ ಡಾಟಾ ಸೈನ್ಸ್ ನಿನಗೆ ಹಿಡಿಸುತ್ತೆ. ಅದು ಬೇಜಾರಾಗಿ, ತೂಕ-ದರ ಹಾಕಿದ ಕೂಡಲೇ ಖರ್ಚು ಕಳೆದು ರೈತರ ಲೆಕ್ಕದ ಪಟ್ಟಿ ತೆಗೆಯೋ ಸಣ್ಣ ಪೈಥಾನ್ ಪ್ರೋಗ್ರಾಮ್ ಬರೆಯೋಣ ಅನಿಸಿದರೆ ಸಾಫ್ಟ್‌ವೇರ್ ಬರೆಯೋ ಕೈ ನಿನ್ನದು. ಲ್ಯಾಪ್‌ಟಾಪಿಗೆ ಏನೂ ಹಾಕಿಕೊಳ್ಳಬೇಕಿಲ್ಲ, ಬ್ರೌಸರ್‌ನಲ್ಲೇ ತೆರೆಯೋ ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆ ಬರೆಯಬಹುದು. "ರಾತ್ರಿ ಯಾರೋ ದರ ತಿದ್ದಿಟ್ಟರೆ ನನಗೆ ಗೊತ್ತಾಗೋದು ಹೇಗೆ?" ಅನ್ನೋ ಪ್ರಶ್ನೆನೇ ಮೊದಲು ಬಂತು ಅನ್ನು, ಟ್ಯೂಷನ್ ಸರ್ ಗೆದ್ದರು.

ಅಪ್ಪ ಹೇಳೋ ಬಿಸಿಎ ಕಡಿಮೆಯದಲ್ಲ. ಮೂರು ವರ್ಷ, ಖರ್ಚು ಕಮ್ಮಿ, ಬೇಕಂದರೆ ಮುಂದೆ ಎರಡು ವರ್ಷ ಎಂಸಿಎ. ಇಂಜಿನಿಯರಿಂಗ್ ಫೀಸಿಗೆ ಸಾಲ ಮಾಡಬೇಕಾಗುತ್ತೆ ಅಂದರೆ ಕಣ್ಣು ಮುಚ್ಚಿ ಅದನ್ನೇ ಮಾಡು. ಕನ್ನಡ ಮೀಡಿಯಂ ಚಿಂತೆ ಮೊದಲ ಸೆಮಿಸ್ಟರ್ ಮುಗಿಯೋದರೊಳಗೆ ತಾನೇ ಕಡಿಮೆಯಾಗುತ್ತೆ.

ಆಪ್ಶನ್ ಎಂಟ್ರಿಯಲ್ಲಿ ಬಹಳ ಮಂದಿ ಎಡವುವುದು ಒಂದೇ ಕಡೆ. ಸಿಗುತ್ತೆ ಅನ್ನೋದನ್ನ ಮೇಲೆ ಹಾಕಿ, ಬೇಕು ಅನ್ನೋದನ್ನ ಕೆಳಗೆ ಹಾಕ್ತಾರೆ. ಮೇಲಿನಿಂದ ನೋಡಿಕೊಂಡು ಬಂದು ನಿನ್ನ ರ‍್ಯಾಂಕಿಗೆ ಎಟುಕಿದ ಮೊದಲ ಸೀಟನ್ನೇ ಕೊಡ್ತಾರೆ, ಕೆಳಗಿನದನ್ನ ಮುಟ್ಟೋದೂ ಇಲ್ಲ. ಹಾಗಾಗಿ ಆಸೆಯ ಪ್ರಕಾರ ಬರೆ. ನಿಜವಾದ ಸೀಟು ಹಂಚಿಕೆಗೆ ಮುಂಚೆ ತೋರಿಸೋ ಅಣಕು ಹಂಚಿಕೆ ಬಂದ ಮೇಲೆ ಮೇಲೆ ಕೆಳಗೆ ಮಾಡೋಕೆ ಅವಕಾಶ ಇದ್ದೇ ಇರುತ್ತೆ.

ಚೀಟಿ ಲೆಕ್ಕ ಮುಗಿದ ಮೇಲೆ ಡಬ್ಬಿ ದರ ಯಾವ ವಾರ ಇಳಿದಿತ್ತು ಅಂತ ನನಗೊಂದು ಸಾಲು ಬರೆ. ನಮ್ಮ ಮನೆಯಲ್ಲಿ ಪ್ರತಿ ವರ್ಷ ದರ ಏರಿದಾಗಲೇ ಖಾರದ ಪುಡಿ ಮಾಡಿಸ್ತೀವಿ.