ಲಿಯು ಶಿಯಾವೊಬೊ ನಮಗೇಕೆ ಬೇಕು?

ಪ್ರಿಯ ಮೇಷ್ಟ್ರೇ,

ಸೆರೆಮನೆ ಕಂಡ ಲೇಖಕರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ ಲೇಖನ ಓದಿ ನೀವು ಬರೆದ ಪತ್ರ ಕೈ ಸೇರಿತು. ನಿಮ್ಮ ಸಿಟ್ಟೆಲ್ಲ ಜೈಲಿನಲ್ಲಿದ್ದಾಗಲೇ 2010ರ ಶಾಂತಿ ನೊಬೆಲ್ ಪಡೆದ ಚೀನಾದ ಲೇಖಕ ಲಿಯು ಶಿಯಾವೊಬೊ ಮೇಲೆ. ‘ಚೀನಾ ಸುಧಾರಿಸಬೇಕಾದರೆ 300 ವರ್ಷ ವಸಾಹತು ಆಳ್ವಿಕೆ ಬೇಕು ಎಂದ ಮನುಷ್ಯನನ್ನು ಬ್ರಿಟಿಷರ ಕೆಳಗೆ ನರಳಿದ ನಾವು ಯಾಕೆ ಮೆರೆಸಬೇಕು?’ ಎಂದು ಕೇಳಿದ್ದೀರಿ. ‘ನನಗೆ ಶತ್ರುಗಳಿಲ್ಲ ಅನ್ನುತ್ತ ಕೂತಿದ್ದಕ್ಕೆ ಸಿಕ್ಕಿದ್ದೇನು? ಸಾಯುವವರೆಗೂ ಬಿಡುಗಡೆ ಸಿಗಲಿಲ್ಲ. ಬುದ್ಧಿವಂತನಾಗಿದ್ದರೆ ಹೊರದೇಶಕ್ಕೆ ಹೋಗಿ ಬರೆಯುತ್ತಿದ್ದ’ ಎಂದಿದ್ದೀರಿ. ಕೋಟ್ಯಂತರ ಜನರನ್ನು ಬಡತನದಿಂದ ಮೇಲೆತ್ತಿದ ದೇಶದ ಮುಂದೆ ಒಬ್ಬ ಬರಹಗಾರನ ಗೋಳು ಎಷ್ಟರದು ಎಂಬುದು ನಿಮ್ಮ ಮೂರನೇ ಪ್ರಶ್ನೆ. ಮೂರೂ ಗಟ್ಟಿ ಪ್ರಶ್ನೆಗಳೇ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಆ 300 ವರ್ಷದ ಮಾತು ಅವರದ್ದೇ. 1988ರಲ್ಲಿ ಹಾಂಗ್‌ಕಾಂಗ್‌ನ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಆಡಿದ್ದು. ಹಾಂಗ್‌ಕಾಂಗ್ ಬ್ರಿಟಿಷರ ಕೆಳಗೆ ಹೀಗಾಗಲು ನೂರು ವರ್ಷ ಹಿಡಿಯಿತು, ಚೀನಾ ಇಷ್ಟು ದೊಡ್ಡ ದೇಶ, 300 ವರ್ಷವಾದರೂ ಬೇಕು ಎಂಬ ಧಾಟಿ. ಆಮೇಲೂ ಅವರು ಅದನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೊಬೆಲ್ ಬಂದಾಗ ಚೀನಾದ ಸರ್ಕಾರಿ ಪತ್ರಿಕೆಗಳು ಎತ್ತಿ ತೋರಿಸಿದ್ದೂ ಇದೇ ಮಾತನ್ನು. ನನ್ನ ಮಟ್ಟಿಗೆ ಅದು ತಪ್ಪು ಮಾತು. ವಸಾಹತು ಅಂದರೆ ಏನು ಅಂತ ಗೊತ್ತಿರುವ ಯಾರೂ ಅದನ್ನು ಒಪ್ಪುವುದಿಲ್ಲ. ನೀವು ಬರೆಯದ ಇನ್ನೊಂದನ್ನೂ ಸೇರಿಸುತ್ತೇನೆ. ಇರಾಕ್ ಮೇಲೆ ಅಮೆರಿಕ ಮಾಡಿದ ಯುದ್ಧವನ್ನೂ ಅವರು ಸಮರ್ಥಿಸಿದ್ದರು. ಅದೂ ತಪ್ಪೇ.

ಆದರೆ 1988ರ ಆ ಮನುಷ್ಯ ಯಾರು ಅಂತ ನೋಡಬೇಕು ಅಲ್ವಾ? ಹುಟ್ಟಿದ್ದು 1955ರಲ್ಲಿ, ಈಶಾನ್ಯ ಚೀನಾದ ಚಾಂಗ್‌ಚುನ್ ಊರಿನಲ್ಲಿ. ತಂದೆ ಅಧ್ಯಾಪಕರು. ಮಾವೋ ಕಾಲದಲ್ಲಿ ಓದಿದವರನ್ನೆಲ್ಲ ಹಳ್ಳಿಗೆ ಅಟ್ಟಿದಾಗ ಈ ಕುಟುಂಬ ಒಳ ಮಂಗೋಲಿಯಾದಲ್ಲಿ ಕೆಲವು ವರ್ಷ ಕಳೆಯಿತು. ಹುಡುಗ ಆಮೇಲೆ ಹಳ್ಳಿಯೊಂದರಲ್ಲಿ ದುಡಿದ, ಚಾಂಗ್‌ಚುನ್‌ನಲ್ಲಿ ಗಾರೆ ಕೆಲಸ ಮಾಡಿದ. 1977ರಲ್ಲಿ ಕಾಲೇಜುಗಳ ಬಾಗಿಲು ಮತ್ತೆ ತೆರೆದಾಗ ಜಿಲಿನ್ ವಿಶ್ವವಿದ್ಯಾಲಯಕ್ಕೆ ಸೇರಿ ಸಾಹಿತ್ಯ ಓದಿದ. ಹತ್ತೇ ವರ್ಷದಲ್ಲಿ ಬೀಜಿಂಗ್‌ನ ನಾರ್ಮಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಲಿಯು, ಹಿರಿಯ ಸಾಹಿತಿಗಳನ್ನು ಮುಖ ಮೂತಿ ನೋಡದೆ ಟೀಕಿಸುವ ವಿಮರ್ಶಕರಾಗಿ ಹೆಸರು ಮಾಡಿದ್ದರು. ಯಾರ ಮೇಲೂ ಗೌರವವಿಲ್ಲ. ಮಾತು ಚೂಪು, ಹಲವು ಸಲ ಅತಿ. 300 ವರ್ಷದ ಮಾತು ಬಂದಿದ್ದು ಆ ಬಾಯಿಂದ.

ಮುಂದೆ ಆಸ್ಲೊ, ಹವಾಯಿ, ನ್ಯೂಯಾರ್ಕ್ ಅಂತ ವಿದೇಶದಲ್ಲಿ ಪಾಠ ಹೇಳಲು ಹೋದರು. ಅಲ್ಲಿ ಇದ್ದಾಗಲೇ ಅವರಿಗೆ ತಮ್ಮ ಬಗ್ಗೆ ಅನುಮಾನ ಶುರುವಾಯಿತು. ಪಶ್ಚಿಮವನ್ನು ಅಳತೆಗೋಲು ಮಾಡಿಕೊಂಡು ಚೀನಾವನ್ನು ಬೈಯುತ್ತಿದ್ದೆ, ಆದರೆ ಆ ಪಶ್ಚಿಮವನ್ನೇ ಪ್ರಶ್ನಿಸಲಿಲ್ಲ ಎಂದು 1989ರ ಆರಂಭದಲ್ಲಿ ತಮ್ಮ ಪುಸ್ತಕವೊಂದರ ಹಿನ್ನುಡಿಯಲ್ಲಿ ಬರೆದುಕೊಂಡರು. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ಅದೇ ವರ್ಷದ ಜೂನ್‌ನಲ್ಲಿದೆ.

ಏಪ್ರಿಲ್‌ನಲ್ಲಿ ಬೀಜಿಂಗ್‌ನ ವಿದ್ಯಾರ್ಥಿಗಳು ಪ್ರಜಾಪ್ರಭುತ್ವ ಕೇಳಿ ಬೀದಿಗಿಳಿದ ಸುದ್ದಿ ಬಂತು. ಲಿಯು ಆಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲೇ ಇರಬಹುದಿತ್ತು. ಇರಲಿಲ್ಲ. ಏಪ್ರಿಲ್ ಕೊನೆಗೆ ಬೀಜಿಂಗ್‌ನಲ್ಲಿದ್ದರು. ಜೂನ್ 2ರಂದು ಗಾಯಕ ಹೌ ದೆಜಿಯಾನ್, ಝೌ ದುವೊ, ಗಾವೊ ಶಿನ್ ಎಂಬ ಗೆಳೆಯರ ಜೊತೆ, ವಿದ್ಯಾರ್ಥಿಗಳು ಬೀಡುಬಿಟ್ಟಿದ್ದ ತಿಯಾನನ್‌ಮೆನ್ ಚೌಕದ ಸ್ಮಾರಕದ ಬುಡದಲ್ಲಿ ಉಪವಾಸ ಕೂತರು. ಆ ದಿನ ಈ ನಾಲ್ವರು ಹೊರಡಿಸಿದ ಹೇಳಿಕೆಯಲ್ಲಿ ಸರ್ಕಾರದ ಟೀಕೆ ಮಾತ್ರ ಇರಲಿಲ್ಲ. ಪ್ರಜಾಪ್ರಭುತ್ವ ಕೇಳುವ ವಿದ್ಯಾರ್ಥಿಗಳ ಒಳಗೇ ಪ್ರಜಾಪ್ರಭುತ್ವ ಇಲ್ಲ ಎಂಬ ಟೀಕೆಯೂ ಇತ್ತು. ‘ನಮಗೆ ಶತ್ರುಗಳಿಲ್ಲ’ ಎಂಬ ಮಾತು ಮೊದಲು ಬಂದಿದ್ದೂ ಅದೇ ಹೇಳಿಕೆಯಲ್ಲಿ. ಅಂದರೆ ಅದು ಜೈಲಿನಲ್ಲಿ ಕೂತು ಹೊಸೆದ ಮಾತಲ್ಲ ಮೇಷ್ಟ್ರೇ. ಸುತ್ತ ಸೈನ್ಯ ಜಮಾಯಿಸುತ್ತಿದ್ದಾಗ, ಸಿಟ್ಟಿನಲ್ಲಿದ್ದ ಹುಡುಗರ ನಡುವೆ ನಿಂತು ಹೇಳಿದ ಮಾತು.

ಅದರ ಬೆಲೆ ಗೊತ್ತಾಗಿದ್ದು ಮರುದಿನ ರಾತ್ರಿ. ಜೂನ್ 3ರ ರಾತ್ರಿ ಸೈನ್ಯ ಗುಂಡು ಹಾರಿಸುತ್ತ ನಗರದೊಳಗೆ ನುಗ್ಗಿತು. ಹೆಚ್ಚಿನ ಜನ ಸತ್ತಿದ್ದು ಚೌಕಕ್ಕೆ ಬರುವ ದಾರಿಗಳಲ್ಲಿ, ಪಶ್ಚಿಮದ ಮುಶಿದಿ ಸುತ್ತಮುತ್ತ. ಚೌಕದಲ್ಲಿ ಇನ್ನೂ ಸಾವಿರಾರು ವಿದ್ಯಾರ್ಥಿಗಳಿದ್ದರು. ಕೆಲವರ ಕೈಗೆ ಬಂದೂಕು ಸಿಕ್ಕಿತ್ತು. ಒಂದು ಗುಂಡು ಈ ಕಡೆಯಿಂದ ಹಾರಿದ್ದರೂ ಸಾಕಿತ್ತು, ಅಲ್ಲಿದ್ದವರೆಲ್ಲ ಹೆಣವಾಗುತ್ತಿದ್ದರು. ಲಿಯು ಮತ್ತು ಗೆಳೆಯರು ಆ ಆಯುಧಗಳನ್ನು ಬೇಡಿ, ಬೈದು ಕೆಳಗಿಡಿಸಿದರು. ಒಂದು ರೈಫಲನ್ನು ಲಿಯು ಸ್ಮಾರಕದ ಕಲ್ಲಿನ ಕಟಾಂಜನಕ್ಕೆ ಬಡಿದು ಒಡೆದರು. ಹೌ ಮತ್ತು ಝೌ ಕತ್ತಲಲ್ಲಿ ಸೈನ್ಯದ ಅಧಿಕಾರಿಯ ಹತ್ತಿರ ಹೋಗಿ ಮಾತಾಡಿದರು. ಮಕ್ಕಳು ಹೊರಟುಹೋಗಲು ದಾರಿ ಬಿಡಿ ಎಂದು ಕೇಳಿದರು. ಬೆಳಗಿನ ಜಾವ ವಿದ್ಯಾರ್ಥಿಗಳು ಆಗ್ನೇಯ ಮೂಲೆಯಿಂದ ಹೊರಗೆ ನಡೆದರು.

ಶತ್ರುಗಳಿಲ್ಲ ಎಂದದ್ದಕ್ಕೆ ಏನು ಸಿಕ್ಕಿತು ಎಂದು ಕೇಳಿದ್ದೀರಿ. ಅವತ್ತು ಅಲ್ಲಿಂದ ಜೀವಸಹಿತ ಮನೆಗೆ ಹೋದವರು ಸಿಕ್ಕರು. ಇದು ನನ್ನ ಅಭಿಮಾನದ ಮಾತಲ್ಲ. ಚೀನಾದ ನ್ಯಾಯಾಲಯವೇ 1991ರ ಜನವರಿಯಲ್ಲಿ ಲಿಯು ಅವರನ್ನು ‘ಪ್ರತಿಕ್ರಾಂತಿ ಪ್ರಚಾರ’ದ ಅಪರಾಧಿ ಎಂದು ತೀರ್ಮಾನಿಸಿ, ಚೌಕದಲ್ಲಿ ರಕ್ತಪಾತ ತಪ್ಪಿಸಿದ್ದಕ್ಕಾಗಿ ಶಿಕ್ಷೆ ಕೊಡದೆ ಬಿಟ್ಟಿತು.

ಅದಕ್ಕೂ ಮುಂಚೆ ನಡೆದದ್ದನ್ನು ಬಿಟ್ಟುಬಿಟ್ಟರೆ ಈ ಬದುಕು ಅರ್ಥವಾಗುವುದಿಲ್ಲ. ಹತ್ಯಾಕಾಂಡದ ನಂತರ ಆಸ್ಟ್ರೇಲಿಯಾದ ರಾಜತಾಂತ್ರಿಕರೊಬ್ಬರು ಅವರನ್ನು ತಮ್ಮ ರಾಯಭಾರ ಕಚೇರಿಯ ಹತ್ತಿರ ಕರೆದೊಯ್ದು, ಒಳಗೆ ಬರುತ್ತೀರಾ ಎಂದು ಕೇಳಿದ್ದರು. ಬೇಡ ಎಂದರು. ಜೂನ್ 6ರಂದು ಪೊಲೀಸರು ಹಿಡಿದರು. ಚಿನ್‌ಚೆಂಗ್ ಜೈಲಿನಲ್ಲಿದ್ದಾಗ ಅವರು ತಪ್ಪೊಪ್ಪಿಗೆ ಬರೆದುಕೊಟ್ಟರು. ಚೌಕದ ಒಳಗೆ ಯಾರೂ ಸತ್ತಿದ್ದನ್ನು ನಾನು ನೋಡಲಿಲ್ಲ ಎಂದು ಟೀವಿಯಲ್ಲೂ ಹೇಳಿದರು. ಕಣ್ಣಾರೆ ಕಂಡಷ್ಟನ್ನೇ ಹೇಳಿದ್ದು, ಆದರೆ ಸರ್ಕಾರ ಅದನ್ನು ತನಗೆ ಬೇಕಾದ ಹಾಗೆ ಬಳಸಿತು. ಆ ತಪ್ಪೊಪ್ಪಿಗೆ ಅವರನ್ನು ಸಾಯುವ ತನಕ ಕಾಡಿತು. ಹೊರಗೆ ಬಂದ ಮೇಲೆ ಬರೆದ ಆತ್ಮಕಥನದಲ್ಲಿ ತಮ್ಮನ್ನು ತಾವೇ ಕಟುವಾಗಿ ಟೀಕಿಸಿಕೊಂಡರು. ಸಾಹಿತಿಗಳನ್ನು ಬೈಯುತ್ತಿದ್ದ ಆ ಚೂಪು ನಾಲಿಗೆ ಈಗ ತನ್ನ ಕಡೆಗೇ ತಿರುಗಿತು.

ನನಗೆ ಲಿಯು ಮುಖ್ಯವಾಗುವುದು ಇಲ್ಲಿಂದ. ಸತ್ತವರು ಹೆಸರಿಲ್ಲದ ಕೂಲಿಗಳು, ವಿದ್ಯಾರ್ಥಿಗಳು, ದಾರಿಹೋಕರು. ಬದುಕಿ ಹೆಸರು ಪಡೆದವರು ನಾಯಕರು, ಲೇಖಕರು. ಈ ಲೆಕ್ಕ ಅವರನ್ನು ನೆಮ್ಮದಿಯಾಗಿ ಇರಲು ಬಿಡಲಿಲ್ಲ. ಜೂನ್ 4ರ ವಾರ್ಷಿಕ ದಿನ ಬಂತೆಂದರೆ ಸತ್ತವರಿಗಾಗಿ ಕವಿತೆ ಬರೆಯುತ್ತಿದ್ದರು. 17 ವರ್ಷದ ಮಗನನ್ನು ಕಳೆದುಕೊಂಡ ದಿಂಗ್ ಝಿಲಿನ್ ಎಂಬ ಪ್ರಾಧ್ಯಾಪಕಿ ಬೇರೆ ತಾಯಂದಿರನ್ನು ಹುಡುಕಿ ಸೇರಿಸಿ, ಸತ್ತವರ ಪಟ್ಟಿ ಮಾಡುವ ಕೆಲಸಕ್ಕೆ ನಿಂತರು. ಲಿಯು ಆ ತಾಯಂದಿರ ಪರ ಕೊನೆಯವರೆಗೂ ದನಿ ಎತ್ತಿದರು. ಮುಂದೆ ನೊಬೆಲ್ ಸುದ್ದಿಯನ್ನು ಹೆಂಡತಿ ಜೈಲಿಗೆ ಬಂದು ಹೇಳಿದಾಗ, ಈ ಬಹುಮಾನ ಜೂನ್ 4ರಂದು ಸತ್ತವರದ್ದು ಎಂದು ಅತ್ತರಂತೆ.

ಹೊರದೇಶಕ್ಕೆ ಹೋಗಬಹುದಿತ್ತು ಎಂಬ ನಿಮ್ಮ ಮಾತಿಗೂ ಇದೇ ಉತ್ತರ. 1993ರಲ್ಲಿ ಆಸ್ಟ್ರೇಲಿಯಾಕ್ಕೂ ಅಮೆರಿಕಕ್ಕೂ ಹೋಗಿದ್ದರು. ವಾಪಸು ಬಂದರು. 1995ರಲ್ಲಿ ಮತ್ತೆ ಹಿಡಿದು ತಿಂಗಳುಗಟ್ಟಲೆ ಕೂಡಿಟ್ಟರು. 1996ರಲ್ಲಿ ಕೋರ್ಟು ಕಚೇರಿ ಏನೂ ಇಲ್ಲದೆ, ಸುಮ್ನೆ ಪೊಲೀಸರ ಆದೇಶದ ಮೇಲೆ ಮೂರು ವರ್ಷ ದುಡಿಮೆ ಶಿಬಿರಕ್ಕೆ ಹಾಕಿದರು. ಕವಿ, ಚಿತ್ರಕಾರ್ತಿ ಲಿಯು ಶಿಯಾ ಅವರನ್ನು ಮದುವೆಯಾಗಿದ್ದು ಆ ಶಿಬಿರದಲ್ಲಿದ್ದಾಗಲೇ. ಶಿಯಾ ಬೀಜಿಂಗ್‌ನಿಂದ ದಾಲಿಯಾನ್‌ವರೆಗೆ ರೈಲಿನಲ್ಲಿ ಹೋಗಿ ನೋಡಿಕೊಂಡು ಬರುತ್ತಿದ್ದರು. ಮಾತಿನ ಬೆಲೆಯನ್ನು ಬೇರೆಯವರ ಮಕ್ಕಳು ಒಮ್ಮೆ ಕೊಟ್ಟಾಗಿದೆ, ಇನ್ನು ತನ್ನ ಮಾತಿಗೆ ತಾನೇ ಕೊಡಬೇಕು ಎಂಬ ಹಠ ಅವರದು ಎಂದು ನಾನು ತಿಳಿದಿದ್ದೇನೆ. ಈ ಹಠವನ್ನು ನೀವು ಬುದ್ಧಿವಂತಿಕೆ ಎನ್ನದೇ ಇರಬಹುದು. ಆದರೆ ದೂರದ ದೇಶದಲ್ಲಿ ಕೂತು ಊರಿನವರಿಗೆ ಧೈರ್ಯ ಹೇಳುವುದು ಅವರಿಂದ ಆಗುತ್ತಿರಲಿಲ್ಲ.

ಈಗ ಬಡತನದ ಪ್ರಶ್ನೆ. ಚೀನಾ ಕೋಟಿಗಟ್ಟಲೆ ಜನರ ಹೊಟ್ಟೆ ತುಂಬಿಸಿದ್ದು ದೊಡ್ಡ ಸಾಧನೆ, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಲಿಯು ಯಾವ ಬರಹಕ್ಕೆ ಜೈಲು ಸೇರಿದರು ಅಂತ ಒಮ್ಮೆ ನೋಡಿ. 2009ರಲ್ಲಿ ಕೋರ್ಟು ಆಧಾರವಾಗಿ ಹಿಡಿದಿದ್ದು ಇಂಟರ್‌ನೆಟ್‌ನಲ್ಲಿ ಬಂದಿದ್ದ ಆರು ಲೇಖನಗಳು ಮತ್ತು ‘ಚಾರ್ಟರ್ 08’ ಎಂಬ ಮನವಿ. ಆ ಆರರಲ್ಲಿ ಒಂದು ಇಟ್ಟಿಗೆ ಭಟ್ಟಿಗಳ ಬಗ್ಗೆ. 2007ರಲ್ಲಿ ಶಾನ್‌ಶಿ ಪ್ರಾಂತ್ಯದ ಭಟ್ಟಿಗಳಲ್ಲಿ ಮಕ್ಕಳನ್ನೂ ಬುದ್ಧಿಮಾಂದ್ಯರನ್ನೂ ಕೂಡಿಹಾಕಿ, ಹೊಡೆದು ದುಡಿಸುತ್ತಿದ್ದದ್ದು ಹೊರಬಿತ್ತು. ಹೆನಾನ್‌ನ ನೂರಾರು ತಂದೆಯಂದಿರು ಕಾಣೆಯಾದ ಮಕ್ಕಳನ್ನು ಹುಡುಕಿ ಹುಡುಕಿ, ಕೊನೆಗೆ ಇಂಟರ್‌ನೆಟ್‌ನಲ್ಲಿ ಮೊರೆಯಿಟ್ಟರು. ಇಷ್ಟು ದಿನ ಇದು ನಡೆಯಲು ಬಿಟ್ಟ ಅಧಿಕಾರಿಗಳಿಗೆ ಏನಾಯಿತು ಎಂದು ಲಿಯು ಆ ಲೇಖನದಲ್ಲಿ ಕೇಳಿದ್ದರು. ಬಡವರ ಮಕ್ಕಳ ಪರವಾಗಿ ಕೇಳಿದ ಈ ಪ್ರಶ್ನೆಯೂ ‘ರಾಜ್ಯಾಧಿಕಾರ ಬುಡಮೇಲು ಮಾಡಲು ಪ್ರಚೋದನೆ’ಯ ಲೆಕ್ಕಕ್ಕೆ ಹೋಯಿತು. ಹಾಗಾಗಿ ಬಡವರ ಏಳಿಗೆಯನ್ನು ಒಂದು ಕಡೆ, ಬರಹಗಾರನ ಗೋಳನ್ನು ಇನ್ನೊಂದು ಕಡೆ ಇಟ್ಟು ತೂಗುವುದು ನನಗೆ ಸರಿ ಕಾಣುವುದಿಲ್ಲ. ಆ ತಂದೆಯಂದಿರಿಗೆ ಬೇಕಾಗಿದ್ದದ್ದು ಬರೆಯುವ ಒಂದು ಕೈ.

ಚಾರ್ಟರ್ 08 ಕೂಡ ಬಾಂಬು ಬಂದೂಕಿನ ಮಾತಲ್ಲ. ಜೆಕೊಸ್ಲೊವಾಕಿಯಾದಲ್ಲಿ 1977ರಲ್ಲಿ ಮಾನವ ಹಕ್ಕುಗಳಿಗಾಗಿ ಹೊರಟ ಚಾರ್ಟರ್ 77 ಎಂಬ ಮನವಿಯಿಂದ ಪ್ರೇರಣೆ ಪಡೆದ ಒಂದು ಹೇಳಿಕೆ. ಸ್ವತಂತ್ರ ನ್ಯಾಯಾಂಗ ಬೇಕು, ಸೈನ್ಯ ಪಕ್ಷದ್ದಾಗದೆ ದೇಶದ್ದಾಗಬೇಕು, ರೈತನಿಗೆ ಅವನ ಜಮೀನಿನ ಹಕ್ಕು ಬೇಕು, ಹಳ್ಳಿಯವರನ್ನು ಪಟ್ಟಣದಲ್ಲಿ ಎರಡನೇ ದರ್ಜೆಯವರನ್ನಾಗಿ ಮಾಡುವ ಹುಕೋ ನೋಂದಣಿ ಹೋಗಬೇಕು. ಬೇಡಿಕೆಗಳು ಇಂಥವು. ಮೊದಲು ಸಹಿ ಹಾಕಿದವರು 303 ಜನ. ಆಮೇಲೆ ಸಾವಿರಾರು ಮಂದಿ ಸೇರಿದರು. ಅದು ಹೊರಬರುವ ಮುಂಚೆಯೇ, 2008ರ ಡಿಸೆಂಬರ್ 8ರ ರಾತ್ರಿ, ಲಿಯು ಅವರನ್ನು ಎತ್ತಿಕೊಂಡು ಹೋದರು. ಮುಂದಿನ ವರ್ಷ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನ, 11 ವರ್ಷ ಜೈಲು ಎಂದು ತೀರ್ಪು ಬಂತು. ಜೆಕ್ ದೇಶದ ಮಾಜಿ ಅಧ್ಯಕ್ಷ ವಾಟ್ಸ್ಲಾವ್ ಹಾವೆಲ್, ಚಾರ್ಟರ್ 77 ಬರೆದವರಲ್ಲಿ ಒಬ್ಬರು, ಪ್ರತಿಭಟನೆಯ ಪತ್ರ ಹಿಡಿದು ಪ್ರಾಗ್‌ನ ಚೀನಾ ರಾಯಭಾರ ಕಚೇರಿಗೆ ತಾವೇ ಹೋದರು. ಬಾಗಿಲು ತೆರೆಯಲಿಲ್ಲ.

ಆ ವಿಚಾರಣೆಗಾಗಿ ಬರೆದ ಕೊನೆಯ ಹೇಳಿಕೆಯಲ್ಲಿ ಲಿಯು ತಮ್ಮನ್ನು ಹಿಡಿದ ಪೊಲೀಸರು, ವಾದ ಮಾಡಿದ ಸರ್ಕಾರಿ ವಕೀಲರು, ತೀರ್ಪು ಕೊಡುವ ನ್ಯಾಯಾಧೀಶರು ಯಾರೂ ತಮ್ಮ ಶತ್ರುಗಳಲ್ಲ ಎಂದರು. ಒಳ್ಳೆಯದಾಗಿ ನಡೆದುಕೊಂಡ ಕಾವಲುಗಾರನೊಬ್ಬನನ್ನು ನೆನೆದರು. ಬರೆದದ್ದಕ್ಕಾಗಿ ಶಿಕ್ಷೆ ಅನುಭವಿಸುವ ಕೊನೆಯ ಚೀನೀಯ ನಾನಾಗಲಿ ಎಂದು ಹಾರೈಸಿದರು. ಅವರ ಜೊತೆಗಾರರಲ್ಲೇ ಕೆಲವರಿಗೆ ಇದು ಅತಿ ಮೆದು ಅನಿಸಿತ್ತು. ನಿಮ್ಮದೂ ಅದೇ ಆಕ್ಷೇಪ ಅಲ್ವಾ? ಸಿಟ್ಟು ಮಾಡಿಕೊಳ್ಳುವ ಹಕ್ಕು ಅವರಿಗಿತ್ತು, ನಿಜ. ಅದು ಗೊತ್ತಿದ್ದೇ ಬೇಡ ಎಂದರು. ಶತ್ರುವನ್ನು ಹುಡುಕಿ ತುಳಿಯುವ ರಾಜಕೀಯ ಮಾವೋ ಕಾಲದಲ್ಲಿ ತನ್ನ ದೇಶವನ್ನು ಏನು ಮಾಡಿತ್ತು ಎಂದು ನೋಡಿ ಬೆಳೆದವರು ಅವರು.

ನೊಬೆಲ್ ರಾಜಕೀಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2010ರ ಡಿಸೆಂಬರ್ 10ರಂದು ಆಸ್ಲೊದಲ್ಲಿ ಪದಕವನ್ನು ಖಾಲಿ ಕುರ್ಚಿಯ ಮೇಲೆ ಇಟ್ಟರು. ಬರಬೇಡಿ ಎಂದು ಚೀನಾ ಒತ್ತಡ ಹಾಕಿತ್ತು, ಪಾಕಿಸ್ತಾನ, ರಷ್ಯಾದಂಥ ದೇಶಗಳು ಹೋಗಲಿಲ್ಲ. ಭಾರತ ಹೋಗಿತ್ತು. ನನಗೆ ಅದು ಹೆಮ್ಮೆ.

ಆ ಬಹುಮಾನದ ಏಟು ಬಿದ್ದದ್ದು ಶಿಯಾ ಮೇಲೆ. ಯಾವ ಆರೋಪವೂ ಇಲ್ಲದೆ ಅವರನ್ನು ವರ್ಷಗಟ್ಟಲೆ ಮನೆಯಲ್ಲೇ ಬಂಧಿಸಿಟ್ಟರು. ಅವರ ತಮ್ಮನಿಗೆ 2013ರಲ್ಲಿ ವಂಚನೆ ಕೇಸಿನಲ್ಲಿ 11 ವರ್ಷ ಶಿಕ್ಷೆಯಾಯಿತು. 2017ರ ಮೇ ತಿಂಗಳಲ್ಲಿ ಲಿಯು ಅವರಿಗೆ ಲಿವರ್ ಕ್ಯಾನ್ಸರ್ ಕೊನೆಯ ಹಂತದಲ್ಲಿದೆ ಎಂದು ಗೊತ್ತಾಯಿತು. ಶೆನ್ಯಾಂಗ್‌ನ ಆಸ್ಪತ್ರೆಗೆ ತಂದರು, ಕಾವಲು ತೆಗೆಯಲಿಲ್ಲ. ಜರ್ಮನಿ ಮತ್ತು ಅಮೆರಿಕದ ಡಾಕ್ಟರುಗಳು ಬಂದು ನೋಡಿ, ಇವರು ಪ್ರಯಾಣ ಮಾಡಬಹುದು, ಹೊರಗೆ ಕಳುಹಿಸಿ ಎಂದರು. ಕಳುಹಿಸಲಿಲ್ಲ. ಜುಲೈ 13ರಂದು, 61ನೇ ವಯಸ್ಸಿನಲ್ಲಿ, ತೀರಿಕೊಂಡರು. ಎರಡೇ ದಿನದಲ್ಲಿ ಸುಟ್ಟು ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಜನ ಸೇರಲು ಒಂದು ಸಮಾಧಿ ಇರಬಾರದು ಎಂಬುದೇ ಉದ್ದೇಶ ಎಂದು ಗೆಳೆಯರು ಆಗಲೇ ಹೇಳಿದರು. ಶಿಯಾ 2018ರ ಜುಲೈನಲ್ಲಿ ಬರ್ಲಿನ್‌ಗೆ ಹೋಗಲು ಸಾಧ್ಯವಾಯಿತು.

ಇದೆಲ್ಲ ಹಳೆಯ ಕಥೆ, ಈಗ ಯಾಕೆ ಎಂದೂ ಪತ್ರದ ಕೊನೆಗೆ ಬರೆದಿದ್ದೀರಿ. ಹಳೆಯದಾಗಿಲ್ಲ ಮೇಷ್ಟ್ರೇ. 2023ರ ಏಪ್ರಿಲ್‌ನಲ್ಲಿ ವಕೀಲರಾದ ಶು ಝಿಯೊಂಗ್ ಅವರಿಗೆ 14 ವರ್ಷ, ದಿಂಗ್ ಜಿಯಾಶಿ ಅವರಿಗೆ 12 ವರ್ಷ ಜೈಲಾಯಿತು. ಅವರ ಮೇಲಿದ್ದದ್ದೂ ರಾಜ್ಯಾಧಿಕಾರ ಬುಡಮೇಲು ಮಾಡುವ ಆರೋಪವೇ. ಜೂನ್ 4ರ ನೆನಪಿಗೆ ಪ್ರತಿವರ್ಷ ದೀಪ ಹಚ್ಚುತ್ತಿದ್ದ ಹಾಂಗ್‌ಕಾಂಗ್‌ನಲ್ಲೂ 2020ರಿಂದ ಅದಕ್ಕೆ ಅನುಮತಿ ಇಲ್ಲ. ಶು ಮತ್ತು ದಿಂಗ್ ಬಗ್ಗೆ ಒಂದು ಲೇಖನ ಬರೆಸುತ್ತಿದ್ದೇವೆ. ಅದನ್ನು ಓದಿದ ಮೇಲೂ ನಿಮ್ಮ ತಕರಾರು ಹಾಗೇ ಇದ್ದರೆ ಖಂಡಿತ ಮತ್ತೆ ಬರೆಯಿರಿ, ಹಾಕುತ್ತೇವೆ.

ನಿಮ್ಮ ವಿಶ್ವಾಸಿ,
ಸಂಪಾದಕ